ಸ್ವಂತ ಬಾವಿಯೋ, ಕಾಲುವೆಯ ನೀರೋ? – ತಂತ್ರಾಂಶದ ಕ್ರಯ ಮತ್ತು ಚಂದಾ

ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ ಕಾಲುವೆಯ ಅಂಚಿನ ರೈತನಿಗೆ ನೀರು ಪಡೆಯಲು ಎರಡು ದಾರಿಗಳಾದವು. ಒಂದು, ತನ್ನ ಹೊಲದಲ್ಲಿ ತಾನೇ ಬಾವಿ ತೋಡಿಸುವುದು. ಇದಕ್ಕೆ ಆರಂಭದಲ್ಲಿಯೇ ದೊಡ್ಡ ಮೊತ್ತ ಬೇಕು. ಆದರೆ ನೀರು ಬಿದ್ದ ಮೇಲೆ ಬಾವಿ ಅವನದು. ಹೂಳು ತೆಗೆಯಿಸುವ ಹೊಣೆಯೂ ಅವನದೇ. ಎರಡು, ಕಾಲುವೆಯ ನೀರನ್ನು ಹಾಯಿಸಿಕೊಂಡು ನೀರಿನ ಕರವನ್ನು ತೆರುವುದು. ಇದಕ್ಕೆ ಮುಂಗಡವಾಗಿ ಹಣ ಕೂಡಿಸಬೇಕಾಗಿಲ್ಲ; ದುರಸ್ತಿಯ ಚಿಂತೆಯೂ ಇಲ್ಲ; ಆದರೆ ತೂಬಿನ ಕೀಲಿಕೈ ಬೇರೆಯವರ ಕೈಯಲ್ಲಿರುತ್ತದೆ. ಎರಡರಲ್ಲಿ ಯಾವುದು ಒಳ್ಳೆಯದೆಂದು ಕೇಳಿದರೆ ಅನುಭವಸ್ಥನಾದ ರೈತನು ಒಂದೇ ಮಾತಿನಲ್ಲಿ ಉತ್ತರ ಕೊಡಲಾರನು. ಹೊಲವೆಷ್ಟು, ಬೆಳೆ ಯಾವುದು, ನೀರು ಎಷ್ಟು ತಿಂಗಳು ಬೇಕು ಎಂದು ಅವನೇ ತಿರುಗಿ ನಮ್ಮನ್ನು ಕೇಳುವನು.

ಇದೇ ಪ್ರಶ್ನೆಯು ಬೇರೆ ವೇಷದಲ್ಲಿ ಇಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪೇಟೆಗಳಿಗೂ ಬಂದಿದೆ. ಲಗ್ನಪತ್ರಿಕೆ, ಜಾತ್ರೆಯ ಹಸ್ತಪತ್ರಿಕೆ, ಪಾವತಿ ಪುಸ್ತಕ, ಸಂಘಸಂಸ್ಥೆಗಳ ಸ್ಮರಣ ಸಂಚಿಕೆ ಇವೆಲ್ಲ ಇಂದು ಗಣಕಯಂತ್ರದ ತೆರೆಯ ಮೇಲೆಯೇ ಸಿದ್ಧವಾಗುತ್ತವೆ. ಚಿತ್ರವನ್ನು ತಿದ್ದುವ, ಪುಟವನ್ನು ಜೋಡಿಸುವ, ವಿನ್ಯಾಸವನ್ನು ಬರೆಯುವ ಸಾಧನಗಳನ್ನು ನಾವು ತಂತ್ರಾಂಶಗಳೆನ್ನುತ್ತೇವೆ. ಇವುಗಳನ್ನು ಹಿಂದೆ ಒಮ್ಮೆ ಹಣ ಕೊಟ್ಟು ಕೊಳ್ಳುತ್ತಿದ್ದರು. ಈಗ ಅವುಗಳಲ್ಲಿ ಪ್ರಮುಖವಾದ ಹಲವು ತಿಂಗಳ ಅಥವಾ ವರ್ಷದ ಚಂದಾಕ್ಕೆ ಮಾತ್ರ ದೊರೆಯುತ್ತವೆ. ಈ ಬದಲಾವಣೆ ಏಕಾಯಿತು, ಇದರಿಂದ ಯಾರಿಗೆ ಲಾಭ, ಯಾರಿಗೆ ಹಾನಿ, ಕನ್ನಡದ ಕೆಲಸಕ್ಕೆ ಇದರ ಪರಿಣಾಮವೇನು ಎಂಬುದನ್ನು ಇಲ್ಲಿ ವಿಚಾರಿಸೋಣ.

ಸವೆಯದ ಸರಕು

ಹಳೆಯ ಛಾಪಖಾನೆಯಲ್ಲಿ ಅಚ್ಚುಮೊಳೆಗಳಿದ್ದವು. ಸೀಸದ ಮೊಳೆಗಳು ಒತ್ತಿ ಒತ್ತಿ ಸವೆಯುತ್ತಿದ್ದವು. ಅಕ್ಷರಗಳ ಅಂಚು ಮೊಂಡಾದಾಗ ಮುದ್ರಣಾಲಯದವರು ಹೊಸ ಮೊಳೆಗಳನ್ನು ತರಿಸಬೇಕಾಗುತ್ತಿತ್ತು. ಹೀಗೆ ಮೊಳೆ ಎರೆಯುವವನಿಗೆ ವ್ಯಾಪಾರವು ತಾನಾಗಿಯೇ ಮುಂದುವರಿಯುತ್ತಿತ್ತು. ತಂತ್ರಾಂಶವಾದರೋ ಸವೆಯುವ ವಸ್ತುವಲ್ಲ. ಅದು ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಒಂದು ದೀರ್ಘ ಪಟ್ಟಿ. ಹತ್ತು ಸಾವಿರ ಸಲ ಓದಿದರೂ ಆಜ್ಞೆಯು ಮಾಸುವುದಿಲ್ಲ.

ಇದರ ಹಳೆಯ ಬಂಧುವೊಂದನ್ನು ನೇಕಾರಿಕೆಯಲ್ಲಿ ಕಾಣಬಹುದು. ರಾಮದುರ್ಗವು ನೇಕಾರಿಕೆಗೆ ಹೆಸರಾದ ಊರು. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡನು ೧೮೦೪ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ರಂಧ್ರ ಕೊರೆದ ರಟ್ಟಿನ ಹಾಳೆಗಳ ಮಾಲೆಯಿರುತ್ತದೆ. ಯಾವ ನೂಲು ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಆ ರಂಧ್ರಗಳೇ ನಿರ್ಣಯಿಸುತ್ತವೆ. ಮಗ್ಗವು ಯಂತ್ರ, ರಂಧ್ರಗಳ ಕ್ರಮವೇ ಅದರ ತಂತ್ರಾಂಶ. ರಟ್ಟಿನ ಮಾಲೆಯನ್ನು ಒಮ್ಮೆ ಕೊಂಡ ನೇಕಾರನು ಅದೇ ಅಂಚನ್ನು ಎಷ್ಟು ಸೀರೆಗಳಿಗಾದರೂ ನೇಯಬಹುದು. ಪ್ರತಿ ತಿಂಗಳು ಮಾಲೆಯ ಮಾಲಿಕನಿಗೆ ಬಾಡಿಗೆ ಕಳುಹಿಸಬೇಕಾಗಿಲ್ಲ.

ತಂತ್ರಾಂಶಕ್ಕೆ ಇನ್ನೊಂದು ವಿಲಕ್ಷಣ ಗುಣವಿದೆ. ಅದರ ಮೊದಲನೆಯ ಪ್ರತಿಯನ್ನು ಸಿದ್ಧಪಡಿಸಲು ನೂರಾರು ಜನ ವರ್ಷಾನುಗಟ್ಟಲೆ ದುಡಿಯಬೇಕು. ಎರಡನೆಯ ಪ್ರತಿಗೆ ತಗಲುವ ವೆಚ್ಚ ಬಹುಮಟ್ಟಿಗೆ ಶೂನ್ಯ. ಆದುದರಿಂದ ಅದರ ಬೆಲೆಯನ್ನು ಕಬ್ಬಿಣದಂತೆ ತೂಕದಿಂದಾಗಲಿ, ಬಟ್ಟೆಯಂತೆ ಅಳತೆಯಿಂದಾಗಲಿ ನಿಶ್ಚಯಿಸಲು ಬಾರದು. ಮೊದಲ ಪ್ರತಿಯ ಖರ್ಚನ್ನು ಎಲ್ಲ ಗ್ರಾಹಕರ ಮೇಲೆ ಯಾವ ರೀತಿಯಲ್ಲಿ ಹಂಚಬೇಕು ಎಂಬುದೇ ಮೂಲ ಪ್ರಶ್ನೆ. ಕ್ರಯ, ಚಂದಾ ಎಂಬ ಎರಡು ಪದ್ಧತಿಗಳು ಈ ಒಂದೇ ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳು.

ಆವೃತ್ತಿಗಳ ಕಾಲ

ಒಮ್ಮೆ ಮಾರಿದ ಸರಕು ಸವೆಯದಿದ್ದರೆ ಮಾರಾಟಗಾರನು ಮುಂದೆ ಬದುಕುವುದು ಹೇಗೆ? ಇದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಹೊಸ ಆವೃತ್ತಿಗಳು. ಒಂದೂವರೆ ಎರಡು ವರ್ಷಗಳಿಗೊಮ್ಮೆ ಹೊಸ ಅನುಕೂಲಗಳನ್ನು ಸೇರಿಸಿ ಹೊಸ ಆವೃತ್ತಿಯನ್ನು ಹೊರತರುವುದು, ಹಳೆಯ ಗ್ರಾಹಕರಿಗೆ ಅದನ್ನು ರಿಯಾಯಿತಿಯಲ್ಲಿ ಕೊಡುವುದು. ಬೇಕಾದವರು ಕೊಂಡರು, ಬೇಡವಾದವರು ಹಳೆಯದರಲ್ಲಿಯೇ ಕೆಲಸ ಸಾಗಿಸಿದರು.

ಕನ್ನಡ ಮುದ್ರಣದ ಇತಿಹಾಸದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಪೇಜ್‌ಮೇಕರ್. ಅಮೆರಿಕದ ಆಲ್ಡಸ್ ಎಂಬ ಸಂಸ್ಥೆಯು ೧೯೮೫ರಲ್ಲಿ ಇದನ್ನು ಹೊರತಂದಿತು. ೧೯೯೪ರಲ್ಲಿ ಆ ಸಂಸ್ಥೆಯನ್ನು ಅಡೋಬಿ ಸಂಸ್ಥೆಯು ಕೊಂಡಿತು. ೨೦೦೧ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯ ಮುಖ್ಯ ಆವೃತ್ತಿ. ಆದರೂ ಆಮೇಲೆ ಎಷ್ಟೋ ವರ್ಷ ಕನ್ನಡದ ಪುಸ್ತಕಗಳೂ ಪತ್ರಿಕೆಗಳೂ ಅದರಲ್ಲಿಯೇ ಜೋಡಣೆಯಾದವು. ತಯಾರಕರು ಕೈಬಿಟ್ಟರೂ ಸಾಧನವು ಮಾತ್ರ ಕೆಲಸ ಬಿಡಲಿಲ್ಲ. ಇದು ಸ್ವಂತ ಬಾವಿಯ ಗುಣ.

ಹಾಗೆಂದು ಬಾವಿ ಬತ್ತುವುದೇ ಇಲ್ಲವೆಂದಲ್ಲ. ತಂತ್ರಾಂಶವು ಸವೆಯದಿದ್ದರೂ ಅದರ ಸುತ್ತಲಿನ ಲೋಕ ಬದಲಾಗುತ್ತದೆ. ಆಪಲ್ ಸಂಸ್ಥೆಯು ೨೦೧೯ರಲ್ಲಿ ತನ್ನ ಗಣಕಗಳ ಕಾರ್ಯವ್ಯವಸ್ಥೆಯನ್ನು ಬದಲಿಸಿದಾಗ ೩೨ ಬಿಟ್‌ಗಳ ಹಳೆಯ ತಂತ್ರಾಂಶಗಳೆಲ್ಲ ಅದರಲ್ಲಿ ನಿಂತುಹೋದವು. ಕ್ರಯಕ್ಕೆ ಕೊಂಡ ಕೆಲವು ತಂತ್ರಾಂಶಗಳು ಕೂಡ ಸ್ಥಾಪನೆಯ ಸಮಯದಲ್ಲಿ ತಯಾರಕರ ಗಣಕದಿಂದ ಅನುಮತಿ ಪಡೆಯಬೇಕಾಗುತ್ತಿತ್ತು. ತನ್ನ ಸಿ.ಎಸ್.-೨ ಎಂಬ ಸಮೂಹಕ್ಕೆ ಅನುಮತಿ ಕೊಡುವ ಗಣಕವನ್ನು ಅಡೋಬಿಯು ೨೦೧೨ರ ಕೊನೆಗೆ ಮುಚ್ಚಿತು. ಹಳೆಯ ಗ್ರಾಹಕರ ಉಪಯೋಗಕ್ಕಾಗಿ ಅನುಮತಿ ಬೇಡದ ಪ್ರತಿಯೊಂದನ್ನು ಒದಗಿಸಬೇಕಾಯಿತು. ಕೊಂಡ ವಸ್ತುವೂ ಪೂರ್ಣವಾಗಿ ನಮ್ಮದಲ್ಲವೆಂಬುದು ಇದರಿಂದ ತಿಳಿಯುತ್ತದೆ. ನಾವು ಕೊಳ್ಳುವುದು ಬಳಸುವ ಹಕ್ಕನ್ನು ಮಾತ್ರ. ಭಾರತದ ೧೯೫೭ರ ಕೃತಿಸ್ವಾಮ್ಯ ಕಾನೂನಿನಲ್ಲಿ ಗಣಕದ ಕ್ರಮವಿಧಿಯನ್ನು ಸಾಹಿತ್ಯಕೃತಿಯ ವರ್ಗಕ್ಕೆ ಸೇರಿಸಲಾಗಿದೆ. ನ್ಯಾಯವಾಗಿ ಪಡೆದವನು ಮೂಲಪ್ರತಿ ಕೆಟ್ಟೀತೆಂಬ ಭಯದಿಂದ ರಕ್ಷಣಾಪ್ರತಿಯನ್ನು ಮಾಡಿಟ್ಟುಕೊಳ್ಳಲು ಆ ಕಾನೂನು ಅವಕಾಶ ಕೊಡುತ್ತದೆ. ಕದ್ದ ಪ್ರತಿಯೆಂದು ತಿಳಿದೂ ಬಳಸುವವನಿಗೆ ಶಿಕ್ಷೆಯನ್ನೂ ವಿಧಿಸುತ್ತದೆ.

೨೦೧೩ರ ತಿರುವು

೨೦೧೩ರ ಮೇ ತಿಂಗಳಲ್ಲಿ ಅಡೋಬಿ ಸಂಸ್ಥೆಯು ಒಂದು ಘೋಷಣೆ ಮಾಡಿತು. ಫೋಟೋಶಾಪ್, ಇಲಸ್ಟ್ರೇಟರ್, ಇನ್‌ಡಿಸೈನ್ ಮುಂತಾದವುಗಳ ಹೊಸ ಆವೃತ್ತಿಗಳನ್ನು ಇನ್ನು ಮುಂದೆ ಮಾರುವುದಿಲ್ಲ; ಚಂದಾದಾರರಿಗೆ ಮಾತ್ರ ಕೊಡಲಾಗುವುದು ಎಂದು. ೨೦೧೨ರ ಸಿ.ಎಸ್.-೬ ಕ್ರಯಕ್ಕೆ ದೊರೆತ ಕೊನೆಯ ಆವೃತ್ತಿಯಾಯಿತು. ೨೦೧೭ರ ಆರಂಭದಲ್ಲಿ ಅದರ ಮಾರಾಟವೂ ನಿಂತಿತು.

ಸಂಸ್ಥೆಯ ದೃಷ್ಟಿಯಿಂದ ನೋಡಿದರೆ ಈ ನಿರ್ಣಯಕ್ಕೆ ಕಾರಣಗಳಿದ್ದವು. ಕೆಲಸಗಾರರ ಸಂಬಳವನ್ನು ತಿಂಗಳು ತಿಂಗಳು ಕೊಡಬೇಕು; ಆದಾಯ ಮಾತ್ರ ಹೊಸ ಆವೃತ್ತಿ ಬಂದಾಗ ಉಕ್ಕಿ ಆಮೇಲೆ ಇಳಿಯುತ್ತಿತ್ತು. ಸಿದ್ಧವಾದ ಸುಧಾರಣೆಯನ್ನು ಕೂಡಲೇ ಕೊಡದೆ ಮುಂದಿನ ಆವೃತ್ತಿಗಾಗಿ ಕಾದಿರಿಸಬೇಕಾಗುತ್ತಿತ್ತು. ಕದ್ದ ಪ್ರತಿಗಳ ಹಾವಳಿ ಬೇರೆ. ಚಂದಾ ಪದ್ಧತಿಯಲ್ಲಿ ಆದಾಯ ಸಮವಾಗಿ ಹರಿಯುತ್ತದೆ. ಸುಧಾರಣೆಗಳು ಆಗಾಗ ಗ್ರಾಹಕನಿಗೆ ತಲುಪುತ್ತವೆ. ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ಅಡೋಬಿಯ ಆದಾಯವು ೨೦೧೨ರಲ್ಲಿ ಸುಮಾರು ೪೪೦ ಕೋಟಿ ಡಾಲರು ಇದ್ದುದು ೨೦೧೩ರಲ್ಲಿ ಸುಮಾರು ೪೦೬ ಕೋಟಿಗೆ ಇಳಿಯಿತು. ದೊಡ್ಡ ಮೊತ್ತದ ಬದಲು ಸಣ್ಣ ಕಂತುಗಳು ಬರತೊಡಗಿದ್ದೇ ಇದರ ಮುಖ್ಯ ಕಾರಣ. ಆದರೆ ೨೦೨೪ರ ಹೊತ್ತಿಗೆ ಅದು ಸುಮಾರು ೨,೧೫೦ ಕೋಟಿ ಡಾಲರಿಗೆ ಏರಿತ್ತು. ಈ ಏರಿಕೆಯೆಲ್ಲ ಚಂದಾದಿಂದಲೇ ಆಯಿತೆನ್ನಲಾಗದು. ಆದರೂ ಒಂದು ವರ್ಷದ ಇಳಿತವನ್ನು ಸಹಿಸಿದ್ದು ಸಂಸ್ಥೆಗೆ ನಷ್ಟವಾಗಲಿಲ್ಲವೆಂಬುದು ಸ್ಪಷ್ಟ.

ಲೆಕ್ಕದ ಮಾತು

ಇನ್ನು ಗ್ರಾಹಕನ ಲೆಕ್ಕವನ್ನು ನೋಡೋಣ. ಗಣಿತದ ಸುಲಭಕ್ಕಾಗಿ ಒಂದು ತಂತ್ರಾಂಶದ ಕ್ರಯ ೩೬,೦೦೦ ರೂಪಾಯಿ, ತಿಂಗಳ ಚಂದಾ ೧,೦೦೦ ರೂಪಾಯಿ ಎಂದು ಕಲ್ಪಿಸಿಕೊಳ್ಳೋಣ. ಕ್ರಯವನ್ನು ಚಂದಾದಿಂದ ಭಾಗಿಸಿದರೆ ೩೬ ಬರುತ್ತದೆ. ಮೂರು ವರ್ಷಗಳೊಳಗೆ ಕೆಲಸ ಮುಗಿಯುವುದಾದರೆ ಚಂದಾ ಅಗ್ಗ. ಅದಕ್ಕಿಂತ ಹೆಚ್ಚು ಕಾಲ ಬಳಸುವುದಾದರೆ ಕ್ರಯ ಅಗ್ಗ. ಈ ಗಡಿಯನ್ನು ಸಮಬಿಂದು ಎನ್ನಬಹುದು.

ಆದರೆ ಈ ಲೆಕ್ಕ ಅಪೂರ್ಣ. ಇಂದು ಕೊಡುವ ರೂಪಾಯಿಯೂ ಮುಂದೆ ಕೊಡುವ ರೂಪಾಯಿಯೂ ಸಮನಲ್ಲ. ಮುಂದೆ ಕೊಡುವ ಹಣ ಅಲ್ಲಿಯವರೆಗೆ ನಮ್ಮಲ್ಲಿ ದುಡಿಯುತ್ತಿರುತ್ತದೆ. ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಹಿಡಿದರೆ ಒಂದು ತಿಂಗಳ ಆಚೆಗಿನ ೧,೦೦೦ ರೂಪಾಯಿಯ ಇಂದಿನ ಬೆಲೆ ೯೯೦; ಒಂದು ವರ್ಷದ ಆಚೆಗಿನದು ೮೮೭. ಹೀಗೆ ಕಂತುಗಳ ಇಂದಿನ ಬೆಲೆಗಳನ್ನು ಕೂಡಿಸುತ್ತ ಹೋದರೆ ೩೬,೦೦೦ ತುಂಬುವುದಕ್ಕೆ ೩೬ ಅಲ್ಲ, ೪೫ ಕಂತುಗಳು ಬೇಕಾಗುತ್ತವೆ. ಸಾಲ ಮಾಡಿ ಅಂಗಡಿ ಹಾಕುವ ತರುಣನಿಗೆ ಈ ಒಂಬತ್ತು ತಿಂಗಳ ವ್ಯತ್ಯಾಸ ಸಣ್ಣದಲ್ಲ.

ಇನ್ನು ಬಳಕೆಯ ರೀತಿಯನ್ನು ಸೇರಿಸೋಣ. ಕಾಲ ಆರು ವರ್ಷ ಎಂದಿರಲಿ. ಬಡ್ಡಿಯನ್ನು ಈಗ ಬದಿಗಿಡೋಣ. ಹೊಸ ಆವೃತ್ತಿ ಎರಡು ವರ್ಷಕ್ಕೊಮ್ಮೆ ೯,೦೦೦ ರೂಪಾಯಿಗೆ ದೊರೆಯುತ್ತದೆಂದು ಎಣಿಸೋಣ.

ಮೊದಲನೆಯವನು ಕೊಂಡದ್ದನ್ನೇ ಆರು ವರ್ಷ ಬಳಸುತ್ತಾನೆ; ಅವನ ಖರ್ಚು ೩೬,೦೦೦.

ಎರಡನೆಯವನು ನಡುವೆ ಎರಡು ಸಲ ಹೊಸ ಆವೃತ್ತಿಯನ್ನು ತೆಗೆದುಕೊಳ್ಳುತ್ತಾನೆ. ಅವನ ಖರ್ಚು ೫೪,೦೦೦.

ಮೂರನೆಯವನು ವರ್ಷವಿಡೀ ಚಂದಾ ಕಟ್ಟುತ್ತಾನೆ. ಅವನ ಖರ್ಚು ೭೨,೦೦೦.

ನಾಲ್ಕನೆಯವನಿಗೆ ಹಂಗಾಮಿನಲ್ಲಿ ಮಾತ್ರ ಕೆಲಸ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಜಾತ್ರೆ, ಬೇಸಿಗೆಯಲ್ಲಿ ಲಗ್ನಗಳು, ಅಕ್ಟೋಬರದಲ್ಲಿ ಕಿತ್ತೂರು ಉತ್ಸವ. ಹೀಗೆ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಚಂದಾ ಕಟ್ಟುವನು. ಅವನ ಖರ್ಚು ೨೪,೦೦೦, ಎಲ್ಲರಿಗಿಂತ ಕಡಿಮೆ.

ಹೀಗೆ ಒಂದೇ ಬೆಲೆಪಟ್ಟಿಯು ಒಬ್ಬನಿಗೆ ಭಾರವಾಗಿಯೂ ಇನ್ನೊಬ್ಬನಿಗೆ ಅನುಕೂಲವಾಗಿಯೂ ಪರಿಣಮಿಸುತ್ತದೆ. ಅಮೆರಿಕದಲ್ಲಿ ಫೋಟೋಶಾಪ್ ಸಿ.ಎಸ್.-೬ರ ಕ್ರಯ ೬೯೯ ಡಾಲರು, ಹಳೆಯ ಗ್ರಾಹಕನಿಗೆ ಹೊಸ ಆವೃತ್ತಿಯ ಬೆಲೆ ೧೯೯ ಡಾಲರು ಇತ್ತು. ೨೦೧೩ರಲ್ಲಿ ಅದೊಂದರ ಚಂದಾ ತಿಂಗಳಿಗೆ ಸುಮಾರು ೨೦ ಡಾಲರು. ಹೊಸದಾಗಿ ಬರುವವನಿಗೆ ಸಮಬಿಂದು ೩೫ ತಿಂಗಳು. ಆದರೆ ಮೊದಲೇ ಕೊಂಡಿದ್ದವನಿಗೆ ಹತ್ತು ತಿಂಗಳು ಮಾತ್ರ. ಹೊಸಬರು ಸ್ವಾಗತಿಸಿದುದೂ ಹಳಬರು ಸಿಟ್ಟಾದುದೂ ಈ ಒಂದೇ ಲೆಕ್ಕದಿಂದ.

ನಾಲ್ಕನೆಯವನ ಅನುಕೂಲಕ್ಕೆ ಒಂದು ಷರತ್ತಿದೆ: ಚಂದಾವನ್ನು ಬೇಕಾದಾಗ ನಿಲ್ಲಿಸಲು ಬರುವಂತಿರಬೇಕು. ‘ವರ್ಷದ ಕರಾರು, ತಿಂಗಳ ಪಾವತಿ’ ಎಂಬ ರೀತಿಯ ಯೋಜನೆಗಳಲ್ಲಿ ನಡುವೆ ಬಿಟ್ಟರೆ ದಂಡ ತೆರಬೇಕಾಗಬಹುದು. ಇಂಥ ದಂಡವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ, ಚಂದಾ ನಿಲ್ಲಿಸುವ ದಾರಿಯನ್ನೂ ಕಠಿಣಗೊಳಿಸಿತ್ತು ಎಂಬ ಆರೋಪದ ಮೇಲೆ ಅಮೆರಿಕದ ಸರಕಾರವು ೨೦೨೪ರ ಜೂನ್ ತಿಂಗಳಲ್ಲಿ ಅಡೋಬಿಯ ಮೇಲೆ ದಾವೆ ಹೂಡಿತು. ನಮ್ಮ ದೇಶದಲ್ಲಿ ಕಾರ್ಡಿನಿಂದ ತಾನಾಗಿಯೇ ಕಡಿತವಾಗುವ ಪಾವತಿಗಳಿಗೆ ರಿಸರ್ವ್ ಬ್ಯಾಂಕು ೨೦೨೧ರ ಅಕ್ಟೋಬರದಿಂದ ನಿಯಮ ಹಾಕಿದೆ: ಹಣ ಕಡಿಯುವುದಕ್ಕೆ ೨೪ ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಹೋಗಬೇಕು. ಆ ಸೂಚನೆಯನ್ನು ಓದುವ ಅಭ್ಯಾಸವೊಂದಿದ್ದರೆ ಎಷ್ಟೋ ಹಣ ಉಳಿಯುತ್ತದೆ.

ತೂಬಿನ ಕೀಲಿಕೈ

ಚಂದಾ ಎಂಬ ಶಬ್ದ ನಮಗೆ ಹೊಸದಲ್ಲ. ಈ ಮಾಸಪತ್ರಿಕೆಯನ್ನು ಕೂಡ ವಾಚಕರು ಚಂದಾ ಕೊಟ್ಟೇ ತರಿಸುತ್ತಾರೆ. ಆದರೆ ಪತ್ರಿಕೆಯ ಚಂದಾಕ್ಕೂ ತಂತ್ರಾಂಶದ ಚಂದಾಕ್ಕೂ ದೊಡ್ಡ ಅಂತರವಿದೆ. ಪತ್ರಿಕೆಯ ಚಂದಾ ಮುಗಿದರೆ ಹೊಸ ಸಂಚಿಕೆ ಬರುವುದಿಲ್ಲ, ಅಷ್ಟೇ. ಹಳೆಯ ಸಂಚಿಕೆಗಳು ಕಪಾಟಿನಲ್ಲಿಯೇ ಉಳಿಯುತ್ತವೆ. ತಂತ್ರಾಂಶದ ಚಂದಾ ಮುಗಿದರೆ ಸಾಧನವೇ ಮುಚ್ಚಿಕೊಳ್ಳುತ್ತದೆ.

ಇದು ಹೇಗೆ ಸಾಧ್ಯ? ತಂತ್ರಾಂಶವು ನಮ್ಮ ಗಣಕದಲ್ಲಿಯೇ ಇರುತ್ತದಲ್ಲವೇ? ಇರುತ್ತದೆ. ಆದರೆ ಅದರೊಡನೆ ಒಂದು ಪರವಾನಗಿ ಪತ್ರವೂ ಇರುತ್ತದೆ. ಅದರಲ್ಲಿ ಗ್ರಾಹಕನ ಗುರುತು, ಯಾವ ದಿನದವರೆಗೆ ಬಳಸಬಹುದೆಂಬ ಅವಧಿ, ಮತ್ತು ತಯಾರಕರ ಅಂಕಿರೂಪದ ಮುದ್ರೆ ಇರುತ್ತವೆ. ಈ ಮುದ್ರೆಯನ್ನು ಒತ್ತುವುದಕ್ಕೆ ಒಂದು ಗುಪ್ತ ಸಂಖ್ಯೆ, ಅದರ ಸತ್ಯಾಸತ್ಯತೆಯನ್ನು ಪರೀಕ್ಷಿಸುವುದಕ್ಕೆ ಇನ್ನೊಂದು ಬಹಿರಂಗ ಸಂಖ್ಯೆ. ಬಹಿರಂಗ ಸಂಖ್ಯೆ ತಂತ್ರಾಂಶದೊಳಗೇ ಇರುತ್ತದೆ. ಗುಪ್ತ ಸಂಖ್ಯೆ ತಯಾರಕರ ಬಳಿ ಮಾತ್ರ. ಪತ್ರದಲ್ಲಿ ತಾರೀಖನ್ನು ನಾವೇ ತಿದ್ದಿದರೆ ಮುದ್ರೆಯು ಪತ್ರಕ್ಕೆ ಹೊಂದುವುದಿಲ್ಲ. ತಂತ್ರಾಂಶಕ್ಕೆ ಕೂಡಲೇ ಮೋಸ ತಿಳಿಯುತ್ತದೆ. ಅವಧಿ ಮುಗಿಯುವ ಮೊದಲು ತಂತ್ರಾಂಶವು ಅಂತರ್ಜಾಲದ ಮೂಲಕ ತಯಾರಕರ ಗಣಕವನ್ನು ಸಂಪರ್ಕಿಸಿ ಹೊಸ ಪತ್ರವನ್ನು ಬೇಡುತ್ತದೆ. ಹಣ ಸಂದಿದ್ದರೆ ಪತ್ರ ಬರುತ್ತದೆ. ಇಲ್ಲವಾದರೆ ತೂಬು ಮುಚ್ಚಿತು.

ಆದುದರಿಂದ ಹಣವಿದ್ದರೂ ಸಾಲದು, ಸಂಬಂಧವೂ ಉಳಿದಿರಬೇಕು. ೨೦೧೯ರ ಅಕ್ಟೋಬರದಲ್ಲಿ ಅಮೆರಿಕದ ಸರಕಾರದ ನಿರ್ಬಂಧಾಜ್ಞೆಯ ಕಾರಣದಿಂದ ವೆನೆಜುವೆಲಾ ದೇಶದ ಗ್ರಾಹಕರ ಖಾತೆಗಳನ್ನೆಲ್ಲ ನಿಲ್ಲಿಸುವುದಾಗಿ ಅಡೋಬಿಯು ಸಾರಿತು. ಕೆಲವು ವಾರಗಳಲ್ಲಿ ವಿಶೇಷ ಅನುಮತಿ ದೊರೆತು ಸೇವೆ ಉಳಿಯಿತು. ಆದರೂ ಆ ದೇಶದ ಚಿತ್ರಕಾರರು ತಮ್ಮ ಯಾವ ತಪ್ಪೂ ಇಲ್ಲದೆ ಸಾಧನಗಳನ್ನು ಕಳೆದುಕೊಳ್ಳುವ ಅಂಚಿಗೆ ಬಂದಿದ್ದರೆಂಬುದನ್ನು ಮರೆಯಲಾಗದು.

ಕನ್ನಡದ ಕಡತಗಳು

ಸಾಧನ ಹೋದರೆ ಇನ್ನೊಂದನ್ನು ಕೊಳ್ಳಬಹುದು. ಆದರೆ ಸಾಧನದೊಳಗೆ ಸಿಕ್ಕಿದ ಕೆಲಸದ ಗತಿಯೇನು? ಇದು ಹಣಕ್ಕಿಂತ ದೊಡ್ಡ ಪ್ರಶ್ನೆ. ಕನ್ನಡಕ್ಕಂತೂ ಇದರ ಅನುಭವ ಆಗಲೇ ಆಗಿದೆ.

ಪೇಜ್‌ಮೇಕರಿನ ಕಾಲದ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿದ್ದವು. ತೆರೆಯ ಮೇಲೆ ಕಾಣುವುದು ಕನ್ನಡ. ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಅಕ್ಷರಶೈಲಿಯ ಕಡತವೊಂದು ಇಲ್ಲದಿದ್ದರೆ ಇಡೀ ಪುಸ್ತಕ ಅರ್ಥವಿಲ್ಲದ ಗೀಟುಗಳಾಗುತ್ತದೆ. ಪ್ರತಿ ತಯಾರಕರ ಸಂಕೇತಕ್ರಮವೂ ಬೇರೆ ಬೇರೆಯಾಗಿದ್ದುದರಿಂದ ಒಬ್ಬರ ಕಡತ ಇನ್ನೊಬ್ಬರಿಗೆ ಓದಲು ಬರುತ್ತಿರಲಿಲ್ಲ. ೧೯೯೧ರಲ್ಲಿ ಪ್ರಕಟವಾದ ಯುನಿಕೋಡ್ ಎಂಬ ಸಾರ್ವತ್ರಿಕ ಸಂಕೇತಕ್ರಮದಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನ ದೊರೆತಿತ್ತು. ಆದರೆ ಪುಟ ಜೋಡಿಸುವ ತಂತ್ರಾಂಶಗಳು ಅದನ್ನು ಅರಗಿಸಿಕೊಳ್ಳಲು ಬಹಳ ವರ್ಷಗಳು ಹಿಡಿದವು. ಅಡೋಬಿಯ ಇನ್‌ಡಿಸೈನ್ ೨೦೧೨ರ ಸಿ.ಎಸ್.-೬ ಆವೃತ್ತಿಯಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳ ಜೋಡಣೆಗೆ ಅನುಕೂಲ ಮಾಡಿಕೊಟ್ಟಿತು. ಮರುವರ್ಷವೇ ಹೊಸ ಆವೃತ್ತಿಗಳ ಕ್ರಯದ ಬಾಗಿಲು ಮುಚ್ಚಿತು! ಹಳೆಯ ಸಂಕೇತಗಳ ಸೆರೆಯಿಂದ ಬಿಡಿಸಿಕೊಳ್ಳುವ ದಾರಿ ತೆರೆದ ಹೊತ್ತಿಗೆ ಆ ದಾರಿಗೆ ಸುಂಕದ ಕಟ್ಟೆ ಬಂದಂತಾಯಿತು. ಸಣ್ಣ ಊರುಗಳ ಮುದ್ರಣಾಲಯಗಳು ಬಹುಕಾಲ ಪೇಜ್‌ಮೇಕರನ್ನು ಬಿಡದಿದ್ದುದನ್ನು ಕೇವಲ ಹಳೆಯದರ ಮೋಹವೆನ್ನುವುದು ನ್ಯಾಯವಲ್ಲ.

ಮೂರನೆಯ ದಾರಿ

ಬಾವಿ, ಕಾಲುವೆಗಳಲ್ಲದೆ ಊರಿನ ಕೆರೆಯೊಂದಿರುತ್ತದೆ. ಅದು ಯಾರೊಬ್ಬರದೂ ಅಲ್ಲ, ಎಲ್ಲರದು. ತಂತ್ರಾಂಶದ ಲೋಕದಲ್ಲಿಯೂ ಇಂಥ ಕೆರೆಗಳಿವೆ. ಚಿತ್ರ ತಿದ್ದುವುದಕ್ಕೆ ಗಿಂಪ್, ರೇಖಾವಿನ್ಯಾಸಕ್ಕೆ ಇಂಕ್‌ಸ್ಕೇಪ್, ಪುಟ ಜೋಡಣೆಗೆ ಸ್ಕ್ರೈಬಸ್ ಎಂಬ ಸ್ವತಂತ್ರ ತಂತ್ರಾಂಶಗಳನ್ನು ಯಾರಾದರೂ ಹಣ ಕೊಡದೆ ಪಡೆಯಬಹುದು. ಅವುಗಳ ಆಜ್ಞಾಪಟ್ಟಿಯನ್ನು ಓದಬಹುದು, ತಿದ್ದಲೂಬಹುದು. ಕನ್ನಡ ಬರೆಯುವುದಕ್ಕೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವೂ ಉಚಿತವಾಗಿ ದೊರೆಯುತ್ತದೆ.

ಕೆರೆಯನ್ನು ಊರವರು ಕೂಡಿ ಕಟ್ಟಬಹುದೆಂಬುದಕ್ಕೆ ಬ್ಲೆಂಡರಿನ ಕಥೆ ಸಾಕ್ಷಿ. ಚಲಿಸುವ ಚಿತ್ರಗಳನ್ನು ಮಾಡುವ ಈ ತಂತ್ರಾಂಶದ ಒಡೆಯರು ವ್ಯಾಪಾರ ನಿಲ್ಲಿಸಿದಾಗ, ೨೦೦೨ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೋ ವಂತಿಗೆ ಕೂಡಿಸಿ ಅದನ್ನು ಬಿಡಿಸಿಕೊಂಡು ಲೋಕಕ್ಕೆ ಮುಕ್ತಗೊಳಿಸಿದರು. ಅದೇ ಸಾಧನದಿಂದ ತಯಾರಾದ ‘ಫ್ಲೋ’ ಎಂಬ ಚಿತ್ರಕ್ಕೆ ೨೦೨೫ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. ಉಚಿತವಾದುದು ಕೀಳು ಎಂಬ ಭಾವನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಆದರೆ ಉಚಿತವಾದುದೆಲ್ಲ ಮುಕ್ತವಾದುದಲ್ಲ. ಇಂಗ್ಲೆಂಡಿನ ಸೆರಿಫ್ ಸಂಸ್ಥೆಯ ಅಫಿನಿಟಿ ತಂತ್ರಾಂಶಗಳು ಒಮ್ಮೆ ಕೊಂಡರೆ ಸಾಕೆಂಬ ಕಾರಣಕ್ಕೇ ಜನಪ್ರಿಯವಾಗಿದ್ದವು. ೨೦೨೪ರಲ್ಲಿ ಆ ಸಂಸ್ಥೆಯನ್ನು ಕ್ಯಾನ್ವಾ ಕೊಂಡಿತು. ೨೦೨೫ರ ಅಕ್ಟೋಬರದಲ್ಲಿ ಹೊಸ ಅಫಿನಿಟಿಯನ್ನು ಉಚಿತವೆಂದು ಸಾರಿ, ಕೃತಕ ಬುದ್ಧಿಯ ಅನುಕೂಲಗಳನ್ನು ಮಾತ್ರ ತನ್ನ ಚಂದಾದಾರರಿಗೆ ಮೀಸಲಿರಿಸಿತು. ಇದು ಗ್ರಾಹಕನಿಗೆ ಇಂದು ಲಾಭವೇ ಸರಿ; ಆದರೆ ಕೀಲಿಕೈ ಈಗಲೂ ಒಡೆಯನ ಕೈಯಲ್ಲಿಯೇ ಇದೆ. ಒಡೆಯನಿಲ್ಲದ ಕೆರೆಗೂ ಧರ್ಮಕ್ಕೆ ನೀರು ಕೊಡುವ ಒಡೆಯನ ಬಾವಿಗೂ ಇರುವ ಭೇದ ಇದು.

ಆಯ್ಕೆ ಮಾಡುವವರಿಗೆ

ಈ ವಿವೇಚನೆಯಿಂದ ಕೆಲವು ವ್ಯವಹಾರದ ಸೂತ್ರಗಳು ಹೊರಡುತ್ತವೆ. ಕಲಿಯುವ ವಿದ್ಯಾರ್ಥಿಯು ಮೊದಲು ಸ್ವತಂತ್ರ ತಂತ್ರಾಂಶದಿಂದ ಆರಂಭಿಸುವುದು ಲೇಸು. ಬಣ್ಣ, ಪದರ, ಅಂಕಣ, ಅಂಚು ಇವುಗಳ ತತ್ತ್ವ ಎಲ್ಲ ಸಾಧನಗಳಲ್ಲಿಯೂ ಒಂದೇ. ವರ್ಷಕ್ಕೆ ಕೆಲವೇ ತಿಂಗಳು ಕೆಲಸವಿರುವವನು, ನಡುವೆ ಬಿಡಲು ದಂಡವಿಲ್ಲವೆಂದು ಖಚಿತಪಡಿಸಿಕೊಂಡು, ಚಂದಾ ಕಟ್ಟಬಹುದು. ದಿನವೂ ಒಂದೇ ಬಗೆಯ ಕೆಲಸ ಮಾಡುವವನು ಕ್ರಯಕ್ಕೆ ದೊರೆಯುವ ಸಾಧನವನ್ನು ಹುಡುಕುವುದು ಒಳಿತು. ಹಣ ಕೊಡುವ ಮೊದಲು ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮೀ’, ‘ಕೀರ್ತಿ’ ಎಂಬ ಶಬ್ದಗಳನ್ನು ಯುನಿಕೋಡಿನಲ್ಲಿ ಬರೆದು ನೋಡಬೇಕು. ಒತ್ತಕ್ಷರವೂ ಅರ್ಕಾವತ್ತೂ ಸ್ವಸ್ಥಾನದಲ್ಲಿ ಬಾರದಿದ್ದರೆ ಆ ಸಾಧನ ಎಷ್ಟು ಅಗ್ಗವಾದರೂ ಕನ್ನಡಿಗನಿಗೆ ದುಬಾರಿ.

ಎಲ್ಲಕ್ಕಿಂತ ಮುಖ್ಯವಾಗಿ, ಸಾಧನ ಯಾವುದೇ ಇರಲಿ, ಮುಗಿದ ಕೆಲಸದ ಒಂದು ಪ್ರತಿಯನ್ನು ಎಲ್ಲ ಗಣಕಗಳೂ ತೆರೆಯಬಲ್ಲ ರೂಪದಲ್ಲಿ ಉಳಿಸಬೇಕು. ಪುಟಗಳನ್ನು ಪಿ.ಡಿ.ಎಫ್. ರೂಪದಲ್ಲಿ, ಬರಹವನ್ನು ಯುನಿಕೋಡಿನಲ್ಲಿ, ಚಿತ್ರಗಳನ್ನು ಟಿಫ್ ಅಥವಾ ಪಿ.ಎನ್.ಜಿ. ರೂಪದಲ್ಲಿ. ನೀರು ಬಾವಿಯದೇ ಇರಲಿ, ಕಾಲುವೆಯದೇ ಇರಲಿ, ಬೆಳೆದ ಕಾಳು ನಮ್ಮ ಹಗೇವಿನಲ್ಲಿರಬೇಕು. ತೂಬಿನ ಕೀಲಿಕೈ ಯಾರ ಬಳಿಯಿದ್ದರೂ ಹಗೇವಿನ ಬಾಯಿ ನಮ್ಮ ಕೈಯಲ್ಲಿರಬೇಕೆಂಬುದನ್ನು ನಮ್ಮ ತರುಣರು ಮರೆಯದಿರಲಿ.